ಬಾಯ್ಲರಿನ ಕಿವಿ

ಉಂಡ ಮನೆಯ ಮೇಲೆ ಅನುಮಾನ ಪಡುವುದನ್ನು ಚಂದ್ರಾಮ ಕಲಿತಿರಲಿಲ್ಲ. ಕಲಿತಿದ್ದರೆ ಚೆನ್ನಾಗಿತ್ತು.

ಅವನೂ ಕಾಶಪ್ಪನೂ ಸನ್ನತಿಯವರು, ಭೀಮಾ ನದಿಯಲ್ಲಿ ದೋಣಿ ನಡೆಸಿದ ಮನೆತನದವರು. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಆದ ಮೇಲೆ ಇಬ್ಬರೂ ಶಹಾಬಾದಿನ ಕಾರ್ಖಾನೆಯೊಂದನ್ನು ಸೇರಿದರು. ಕಾಶಪ್ಪ ಬೆಸುಗೆ ಕಲಿತ; ಚಂದ್ರಾಮ ಭಾರ ಎತ್ತುವ ಖಲಾಸಿಯಾದ. ಹೆಂಡತಿ ತೀರಿಕೊಂಡ ಮೇಲೆ ಚಂದ್ರಾಮನ ಊಟವೆಲ್ಲ ಕಾಶಪ್ಪನ ಮನೆಯಲ್ಲೇ. ಕಾಶಪ್ಪನ ಹೆಂಡತಿ ಭೀಮಮ್ಮ ಬಿಸಿ ರೊಟ್ಟಿ ಬಡಿಸುವಳು; ಮಕ್ಕಳು ಹೆಗಲೇರುವವು. ಇದು ನನ್ನದೇ ಮನೆ ಎಂದು ಅವನು ನಂಬಿಬಿಟ್ಟಿದ್ದ, ಹುಚ್ಚ.

ಒಂದು ವರ್ಷ ಕಾರ್ಖಾನೆಗೆ ಹೊಸ ಬಾಯ್ಲರ್ ಬಂತು. ಮಲಗಿದ ಕೋಣದಂಥ ಉಕ್ಕಿನ ಪೀಪಾಯಿ. ಅದನ್ನು ಸರಪಳಿಯಿಂದ ಎತ್ತಿ ಕಟ್ಟೆಯ ಮೇಲೆ ಕೂಡಿಸಬೇಕು. ಸರಪಳಿ ಸಿಕ್ಕಿಸಲು ಅದರ ಬೆನ್ನಿನ ಎರಡು ತುದಿಗೂ ತೂತಿರುವ ದಪ್ಪ ತಗಡು ಬೆಸೆಯುತ್ತಾರೆ. ಅದಕ್ಕೆ ಎಲ್ಲರೂ ಕಿವಿ ಎನ್ನುತ್ತಿದ್ದರು. ಎರಡೂ ಕಿವಿಯಿಂದ ಸರಪಳಿಗಳು ನಡುವಿನ ಒಂದೇ ಕೊಕ್ಕೆಗೆ ಓರೆಯಾಗಿ ಏರುತ್ತವೆ. ಆದ್ದರಿಂದ ಕಿವಿ ಬಾಯ್ಲರಿನ ಉದ್ದಕ್ಕೇ ನಿಲ್ಲಬೇಕು, ಅಡ್ಡ ನಿಲ್ಲಬಾರದು ಎಂದು ಇಂಜಿನಿಯರ್ ಶೌಕತ ಅಲಿ ಸಾಹೇಬರು ಲೆಕ್ಕ ಹಾಕಿ, ನಕ್ಷೆ ಬಿಡಿಸಿ ಇಬ್ಬರಿಗೂ ತಿಳಿಸಿ ಹೇಳಿದ್ದರು. ತಗಡನ್ನು ಅಂಚಿನ ಕಡೆ ಎಳೆದರೆ ತಡೆಯುತ್ತದೆ. ಮುಖದ ಕಡೆ ಎಳೆದರೆ ಮಡಚಿ ಬುಡಸಮೇತ ಕಿತ್ತು ಬರುತ್ತದೆ. ಕಾಶಪ್ಪ ತಲೆಯಾಡಿಸಿ ಎರಡೂ ಕಿವಿ ಬೆಸೆದ. ಈ ಕೆಲಸ ಸರಿಹೋದರೆ ಅವನನ್ನು ಮಿಸ್ತ್ರಿ ಮಾಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು.

ನದಿಯವರಲ್ಲಿ ಒಂದು ಕಟ್ಟುಪಾಡಿತ್ತು. ಹೊಸ ದೋಣಿಗೆ ಹಗ್ಗ ಕಟ್ಟುವ ಕಿವಿ ಹಚ್ಚಿದವನೇ ಮೊದಲ ಸಲ ಅದರಲ್ಲಿ ಕೂತು ಹೊಳೆಗಿಳಿಯಬೇಕು. ಕಾರ್ಖಾನೆಗೆ ಬಂದರೂ ಖಲಾಸಿಗಳು ಅದನ್ನು ಬಿಟ್ಟಿರಲಿಲ್ಲ. ಭಾರ ಮೊದಲು ಒಂದು ಗೇಣು ಏಳುವಾಗ, ಕಿವಿ ಹಚ್ಚಿದವನು ಅದರ ಕೆಳಗೆ ಕೂತು ಭಾರದ ಹೊಟ್ಟೆಗೆ ಅಂಗೈ ಕೊಡಬೇಕು. ತನ್ನ ಕೆಲಸಕ್ಕೆ ತನ್ನ ತಲೆಯೇ ಜಾಮೀನು.

ಎತ್ತುವ ದಿನ ಕಾಶಪ್ಪ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಕೊಕ್ಕೆಯ ಸಾಮಾನು ತರಲು ವಾಡಿ ಸ್ಟೇಷನ್ನಿಗೆ ಹೋಗಿದ್ದ ಚಂದ್ರಾಮ ಆಗಷ್ಟೇ ಬಂದಿದ್ದ.

“ಮೈ ಸುಡಲಿಕತ್ತದೋ ಚಂದ್ರಾಮ. ನನ್ನ ಬದ್ಲಿ ನೀ ಕುಂದ್ರು,” ಎಂದ ಕಾಶಪ್ಪ.

ಚಂದ್ರಾಮನ ಎದೆ ಉಬ್ಬಿತು. ಆ ಜಾಗವನ್ನು ಒಡಹುಟ್ಟಿದವನಿಗಲ್ಲದೆ ಬೇರೆ ಯಾರಿಗೂ ಬಿಟ್ಟುಕೊಟ್ಟದ್ದನ್ನು ಅವನು ಕಂಡಿರಲಿಲ್ಲ.

ಅವನು ವಾಡಿಯಿಂದ ಬರುವ ಹಿಂದಿನ ದಿನವೇ ನಕ್ಷೆ ಅರಿಯದ ಬೇರೆಯವರು ಸರಪಳಿ ಸಿಕ್ಕಿಸಿದ್ದರು. ಎಲ್ಲ ನಕ್ಷೆಯಂತೆಯೇ ಆಗಿದೆ ಎಂದು ಕಾಶಪ್ಪ ಹೇಳಿದ್ದನ್ನು ಸಾಹೇಬರೂ ನಂಬಿದ್ದರು. ದಿಮ್ಮಿಗಳ ಮೇಲಿದ್ದ ಬಾಯ್ಲರಿನ ಕೆಳಗೆ ನುಸುಳಿ ಚಂದ್ರಾಮ ಅಂಗೈ ಕೊಟ್ಟು ಕೂತ. ಸರಪಳಿ ಬಿಗಿಯಿತು. ಬಾಯ್ಲರ್ ಒಂದು ಗೇಣು ಎದ್ದಿತು. ಮೇಲಿನಿಂದ ಕಿರ್ರೆಂದು ಸದ್ದು ಬಂತು. ಅವನು ಕತ್ತು ಹೊರಚಾಚಿ ನೋಡಿದ. ಪಕ್ಕದಿಂದ ಕಿವಿಯ ತೂತು ಕಾಣಬೇಕಿತ್ತು. ಕಂಡದ್ದು ಬರೀ ಅಂಚು. ದೋಣಿಯ ಹಗ್ಗ ದಡದ ಕಡೆ ಎಳೆಯುತ್ತದೆಂದು ದೋಣಿಗೆ ಕಿವಿಯನ್ನು ಅಡ್ಡ ಹಚ್ಚುತ್ತಾರೆ. ಕಾಶಪ್ಪನ ಕೈ ಹಳೇ ರೂಢಿಯಂತೆ ಇಲ್ಲಿಯೂ ಅಡ್ಡವೇ ಹಚ್ಚಿತ್ತು.

ಚಂದ್ರಾಮ ಕೂಗುತ್ತ ಹೊರಗೆ ಉರುಳಿದ. ಕಿವಿ ಮಡಚಿ ಕಿತ್ತು ಬಂತು. ಬಾಯ್ಲರ್ ಬಿದ್ದ ರಭಸಕ್ಕೆ ಅವನು ಕೂತಿದ್ದ ಜಾಗದ ದಿಮ್ಮಿ ಪುಡಿಯಾಯಿತು.

ಅಷ್ಟಾದರೂ ಕಾಶಪ್ಪನ ಮನೆಯ ಕಡೆ ನಡೆಯುವಾಗ ಅವನಿಗೆ ಸಿಟ್ಟಿರಲಿಲ್ಲ. ಕೈ ತಪ್ಪುತ್ತದೆ, ಯಾರ ಕೈ ತಪ್ಪುವುದಿಲ್ಲ? ಪಾಪ, ಜ್ವರದವನು ಗಾಬರಿಯಾದಾನು, ಮೆಲ್ಲಗೆ ಹೇಳಬೇಕು ಎಂದುಕೊಂಡೇ ಹೊಸ್ತಿಲು ದಾಟಿದ.

ಕಾಶಪ್ಪ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದ. ಜ್ವರದ ಸುಳಿವೇ ಇರಲಿಲ್ಲ. ಚಂದ್ರಾಮನನ್ನು ಕಂಡದ್ದೇ ಅವನ ಬಾಯಿಯ ತುತ್ತು ಅಲ್ಲೇ ನಿಂತಿತು. ಆ ಮುಖ ನೋಡಿ ಚಂದ್ರಾಮನಿಗೆ ಎಲ್ಲ ತಿಳಿಯಿತು.

“ಯಾವಾಗ ಗೊತ್ತಾತು ನಿನಗ?”

“ನಿನ್ನಿ, ಸರಪಳಿ ಹಾಕಿದಾಗ. ಹೇಳಿದ್ರ ಮಿಸ್ತ್ರಿ ಕೆಲಸ ಹೋಗ್ತಿತ್ತು.”

“ಮತ್ತ ನನ್ನ ಯಾಕ ಕುಂದ್ರಿಸಿದಿ?”

ಕಾಶಪ್ಪ ತುತ್ತು ನುಂಗಿದ. “ಯಾರರೆ ಕುಂದ್ರಬೇಕಿತ್ತಲ್ಲ. ನನಗ ಹೆಂಡ್ರು ಮಕ್ಕಳದಾರ. ನಿನಗ ಹಿಂದಿಲ್ಲ ಮುಂದಿಲ್ಲ.”

ಚಂದ್ರಾಮ ಭೀಮಮ್ಮನ ಕಡೆ ತಿರುಗಿದ. ಅವಳಾದರೂ ಗಂಡನಿಗೆ ಒಂದು ಮಾತು ಬೈದಾಳೆಂದು ಕಾದ. ಅವಳು ತಲೆ ಎತ್ತಲಿಲ್ಲ. ಅವನು ದಿನಾ ಉಣ್ಣಲು ಬರುವ ಹೊತ್ತು ಅದು. ಗಂಡನಿಗೂ ಮಕ್ಕಳಿಗೂ ಅವಳು ತಾಟು ಹಾಕಿದ್ದಳು. ಚಂದ್ರಾಮನಿಗೆ ಹಾಕಿರಲಿಲ್ಲ.