ಮುದ್ದಯ್ಯನ ಕೋಣೆಗೆ ವಿನಾಯಿತಿ

ಶ್ರೀರಂಗಪಟ್ಟಣದ ಕೋಟೆ ಗೋಡೆಯ ನೆರಳು ಸಂಜೆಯ ಹೊತ್ತಿಗೆ ಸೋಮಮ್ಮನ ಹಿತ್ತಲನ್ನು ದಾಟಿ ಮನೆಯ ಕೊನೆಯ ಕೋಣೆಯ ಮೇಲೆ ಬೀಳುತ್ತಿತ್ತು. ಅದು ಅವಳ ಮಾವ ಮುದ್ದಯ್ಯನ ಕೋಣೆ. ಅವನು ಸತ್ತ ಮೇಲೆ ನಾಲ್ಕು ವರ್ಷದಿಂದ ಬೀಗ ಬಿದ್ದಿತ್ತು. ಹೋದ ಮಳೆಗಾಲದಲ್ಲಿ ಒಂದು ತೊಲೆ ಮುರಿದು ಅರ್ಧ ಮಾಡಿನ ಹೆಂಚು ಒಳಗೇ ಸುರಿದಿತ್ತು. ಯಾರಿಗೂ ಬೇಡವಾಗಿದ್ದ ಆ ಕೋಣೆ ಈಗ ಸೋಮಮ್ಮನ ಮಗಳು ರಂಜಿತಳಿಗೆ ಬೇಕಾಗಿತ್ತು.

ರಂಜಿತ ಕಾರ್ತಿಕದಲ್ಲಿ ನಾಗಮಂಗಲದ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಬಂದವಳು ತಿರುಗಿ ಹೋಗಿರಲಿಲ್ಲ. ಅವಳ ಎಡಗಿವಿ ಕೇಳುತ್ತಿರಲಿಲ್ಲ. ಅದರೊಳಗೆ ಸದಾ ಒಂದು ಸಣ್ಣ ಶಿಳ್ಳೆ ಮಾತ್ರ ಇತ್ತು. ಅದು ಹೇಗಾಯಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಆದರೆ ಡೈರಿಯಲ್ಲಿ ಕೆಲಸದಲ್ಲಿದ್ದ ತಮ್ಮ ಲೋಕೇಶನಿಗೆ ಬೂಕನಕೆರೆಯ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ತಂದೆ ಮನೆ ನೋಡಲು ಬಂದವನು ನಡುಮನೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ಕಂಡು, "ಇದ್ಯಾರ್ದು?" ಎಂದು ಕೇಳಿ ಹೋಗಿದ್ದ.

"ಅಕ್ಕನಿಗೆ ಅಂತ ಒಂದು ಕೋಣೆ ಆದ್ರೆ ಇರ್ಲಿ ಕಣವ್ವ, ನಾನ್ಯಾಕೆ ಬ್ಯಾಡ ಅನ್ಲಿ?" ಎಂದ ಲೋಕೇಶ. "ಆಗ್ನಿಲ್ಲ ಅಂದ್ರೆ ನಾಗಮಂಗಲದೋರ್ನೇ ಕರೆಸಿ ಮಾತಾಡನ."

ಮಾತಾಡುವುದೆಂದರೆ ಏನೆಂದು ರಂಜಿತಳಿಗೆ ಗೊತ್ತಿತ್ತು. ಹಿಂದೆ ಎರಡು ಸಲ ಮಾತಾಡಿಯೇ ಅವಳನ್ನು ವಾಪಸು ಬಸ್ಸು ಹತ್ತಿಸಿದ್ದರು.

ಮನೆಗಳ ನಕ್ಷೆ ಬರೆದು, ಮೇಸ್ತ್ರಿಗಳನ್ನು ಕರೆತಂದು ಕೆಲಸ ಮಾಡಿಸುವ ಸರ್ದಾರ್ ಪಾಷಾ ಬಂದು ಕೋಣೆ ನೋಡಿದ. ಹೊರಗೆ ಬಂದು ತಲೆಗೂದಲಿನಲ್ಲಿದ್ದ ಜೇಡರ ಬಲೆ ಬಿಡಿಸಿಕೊಳ್ಳುತ್ತ ಹೇಳಿದ.

"ಹೊಸದಾಗಿ ಕಟ್ತೀವಿ ಅಂದ್ರೆ ಆಗೋ ಮಾತೇ ಅಲ್ಲ ಅಮ್ಮಾ. ಕೋಟೆಯಿಂದ ನೂರು ಮೀಟರು ಒಳಗೆ ಏನೂ ಕಟ್ಟಂಗಿಲ್ಲ. ತೊಂಬತ್ತೆರಡರಿಂದ ಈ ಕಾನೂನು. ಇಟ್ಟಿಗೆ ಇಳಿಸಿದ್ರೇ ನೋಟೀಸು ಬರ್ತದೆ. ಆದ್ರೆ ರಿಪೇರಿಗೆ ವಿನಾಯಿತಿ ಕೇಳ್ಬೋದು. ಕೇಳೋದಕ್ಕೂ ಒಂದು ರೀತಿ ಅದೆ. ಕಾನೂನು ತಪ್ಪು ಅನ್ಬಾರ್ದು. ಕಾನೂನು ಸರಿ ಸ್ವಾಮಿ, ನಮ್ಮ ಕಷ್ಟ ಹಿಂಗದೆ, ಇಷ್ಟು ಮಾತ್ರ ಬಿಡಿ, ಅನ್ಬೇಕು. ವಾಸ ಇರೋ ಕೋಣೆ, ಮಾಡು ಬಿದ್ದದೆ, ಇದ್ದ ಗೋಡೆ ಮೇಲೇ ಹಾಕ್ಕೋತೀವಿ ಅಂತ."

"ವಾಸ ಯಾರವ್ರೆ ಅಲ್ಲಿ? ಹಲ್ಲಿ ಅವೆ," ಎಂದ ಲೋಕೇಶ.

"ಹಲ್ಲಿ ಹೆಸರಲ್ಲಿ ಖಾತೆ ಇಲ್ವಲ್ಲ ತಮ್ಮಾ."

ಖಾತೆ ಇನ್ನೂ ಮುದ್ದಯ್ಯನ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸಬೇಕಿದ್ದ ಅವನ ಮಗ, ಸೋಮಮ್ಮನ ಗಂಡ, ಅವನಿಗಿಂತ ಮೊದಲೇ ತೀರಿಕೊಂಡಿದ್ದ.

"ಬದಲಾಯಿಸ್ತಾ ಕೂತ್ರೆ ನಿನ್ನ ಮದುವೆ ಆಗಿ ಮಕ್ಕಳು ಸ್ಕೂಲಿಗೆ ಹೋಗ್ತಿರ್ತವೆ," ಎಂದ ಪಾಷಾ. "ಅವರ ಹೆಸರಲ್ಲೇ ಅರ್ಜಿ ಹಾಕಿ. ಈ ಊರಲ್ಲಿ ಅರ್ಧ ಅರ್ಜಿ ಸತ್ತೋರೇ ಹಾಕೋದು. ನೋಡೋಕೆ ಬಂದ್ರೆ, ವಯಸ್ಸಾಗದೆ, ಮಲಗವ್ರೆ ಅನ್ನಿ. ಮುದುಕರನ್ನ ಯಾರೂ ಎಬ್ಬಿಸಲ್ಲ."

ಪರಿಶೀಲನೆಯ ದಿನ ಮಾಘಮಾಸದಲ್ಲಿ ಬಂತು. ಕೋಣೆಯನ್ನು ಸಿದ್ಧಪಡಿಸಿದವಳು ರಂಜಿತ. ಮೈಸೂರಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದಾಗ ಮುದ್ದಯ್ಯನೇ ಅವಳನ್ನು ಬಿಡಿಸಿ ಮದುವೆ ಮಾಡಿಸಿದ್ದ; ಆದರೂ ಪ್ರಯೋಗಾಲಯದ ಅಭ್ಯಾಸ ಕೈಯಲ್ಲಿ ಉಳಿದಿತ್ತು. ಏನನ್ನು ಕಂಡರೆ ನೋಡುವವನು ಏನೆಂದು ತೀರ್ಮಾನಿಸುತ್ತಾನೆ ಎಂದು ಒಂದೊಂದಾಗಿ ಯೋಚಿಸಿದಳು. ಮಾಡು ಉಳಿದಿದ್ದ ಕಡೆಯ ಹೆಂಚಿನ ಚೂರು ಗುಡಿಸಿ ಮಂಚ ಹಾಕಿದಳು. ಹಳೆಯ ಸೀರೆಗಳನ್ನು ಸುರುಳಿ ಸುತ್ತಿ, ಮಲಗಿದವನಷ್ಟು ಉದ್ದಕ್ಕೆ ಇಟ್ಟು, ಮೇಲೆ ಕಂಬಳಿ ಹೊದಿಸಿದಳು. ಟ್ರಂಕಿನಿಂದ ತಾತನ ಪಂಚೆ, ಹೆಗಲ ವಲ್ಲಿ ತೆಗೆದು ಗೂಟಕ್ಕೆ ನೇತುಹಾಕಿದಳು. ಒಂದು ತಟ್ಟೆಯಲ್ಲಿ ರಾಗಿಮುದ್ದೆ, ಬಸ್ಸಾರು. ಒಂದು ಚೊಂಬು ನೀರು. ಮುದ್ದೆಯ ಅಂಚನ್ನು ಎರಡು ಬೆರಳಿನಿಂದ ಮುರಿದು, ತಿನ್ನುತ್ತ ಬಿಟ್ಟಂತೆ ಮಾಡಿದಳು. ಆಮೇಲೆ ಬಾಗಿಲು ಮುಂದಕ್ಕೆಳೆದಳು.

ಪುರಾತತ್ವ ಇಲಾಖೆಯಿಂದ ಬಂದ ಅಧಿಕಾರಿ ತಿಮ್ಮರಾಜು ಇನ್ನೂ ಚಿಕ್ಕ ವಯಸ್ಸಿನವನು. ಪಾಷಾನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಕೋಟೆ ಗೋಡೆಯಿಂದ ಅಳೆದ. ಜಗಲಿಗೆ ಬಂದು ಮಜ್ಜಿಗೆ ಕುಡಿದು, "ಅರ್ಜಿದಾರರು?" ಎಂದ.

ಲೋಕೇಶ ಬಾಯಿ ತೆರೆಯುವ ಮೊದಲೇ ಸೋಮಮ್ಮ ಎದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಮುಚ್ಚಿದ ಬಾಗಿಲ ಮುಂದೆ ನಿಂತು ಮೆಲ್ಲಗೆ ಕರೆದಳು.

"ಮಾವಾ, ಬನ್ನಿ. ಉಣ್ಣೋಕೆ ಇಟ್ಟಿವ್ನಿ."

ಈ ಕರೆಯನ್ನು ರಂಜಿತ ಪ್ರತಿ ವರ್ಷ ಪಿತೃಪಕ್ಷದಲ್ಲಿ ಕೇಳಿದ್ದಳು. ಹಿರಿಯರಿಗೆ ಎಡೆ ಇಡುವ ದಿನ ಅವರ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನು ಬಡಿಸಿ, ಬಾಗಿಲು ಮುಚ್ಚಿ, ಹೊರಗಿನಿಂದ ಹೀಗೆಯೇ ಕರೆಯುತ್ತಿದ್ದರು. ಸ್ವಲ್ಪ ಹೊತ್ತು ಕಾದು ಬಾಗಿಲು ತೆರೆದು, ಆ ಎಡೆಯನ್ನು ಮನೆಯವರೆಲ್ಲ ಕೂತು ಉಣ್ಣುತ್ತಿದ್ದರು. ಉಂಡರೆ ಹಿರಿಯರನ್ನು ಕಳಿಸಿಕೊಟ್ಟಂತೆ. ತಾನು ಬೆಳಗಿನಿಂದ ಜೋಡಿಸಿದ್ದು ಏನೆಂದು ಅವಳಿಗೆ ಆಗ ತಿಳಿಯಿತು.

ಒಳಗಿನಿಂದ ಉತ್ತರ ಬರಲಿಲ್ಲ. "ಪಾಪ, ನಾನೇ ನೋಡ್ತೀನಿ ಬಿಡಿ," ಎಂದು ತಿಮ್ಮರಾಜು ಎದ್ದ. ತೊಲೆ ಸರಿಯಿಲ್ಲ, ಒಬ್ಬೊಬ್ಬರೇ ಹೋಗಬೇಕು ಎಂದು ಪಾಷಾ ಎಚ್ಚರಿಸಿದ. ತಿಮ್ಮರಾಜು ಚಪ್ಪಲಿ ಬಿಟ್ಟು ಒಳಗೆ ಹೋದ. ಒಂದು ಇಣುಕು ನೋಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತಾಯಿತು. ಹೊರಗೆ ಬಂದವನು ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

"ತುಂಬಾ ವಯಸ್ಸಾಗಿದೆ ಅಲ್ವಾ," ಎಂದ. "ನೀರು ಕೇಳಿದ್ರು. ಚೊಂಬು ಎಟುಕ್ತಿರಲಿಲ್ಲ, ಕುಡಿಸಿ ಬಂದೆ. ಆ ಮಾಡಿನ ಕೆಳಗೆ ಅವರನ್ನ ಮಲಗಿಸಿದ್ದೀರಲ್ಲಮ್ಮ."

ಪಾಷಾ ಟೇಪು ಸುತ್ತುವುದನ್ನು ನಿಲ್ಲಿಸಿದ್ದ.

ತಿಮ್ಮರಾಜು ಹೊರಟಾಗ ರಂಜಿತ ಅವನ ಹಿಂದೆಯೇ ಬೀದಿಯ ತಿರುವಿನವರೆಗೆ ಹೋದಳು. ಕೇಳಬೇಕಾದದ್ದು ಒಂದೇ ಪ್ರಶ್ನೆ. ಕನಿಕರದಿಂದ ಸುಳ್ಳು ಹೇಳಿದಿರಾ, ಅಥವಾ ನಿಜವಾಗಿ ಕಂಡಿರಾ? ಆದರೆ ಕೇಳಿದ ಕ್ಷಣವೇ ಆ ಮಂಚದ ಮೇಲೆ ಯಾರೂ ಇರಲಿಲ್ಲವೆಂದು ಒಪ್ಪಿದಂತಾಗುತ್ತಿತ್ತು, ಕೋಣೆ ಹೋಗುತ್ತಿತ್ತು. ತಿಮ್ಮರಾಜು ತಿರುಗಿ ನೋಡಿದ. "ಏನಮ್ಮಾ?" ಎಂದ. "ಏನಿಲ್ಲ ಸಾರ್, ಬಸ್ಸು ಆ ಕಡೆಯಿಂದ ಬರುತ್ತೆ," ಎಂದಳು.

ಮನೆಗೆ ಬಂದು ನೋಡಿದರೆ ಚೊಂಬು ಅರ್ಧವಾಗಿತ್ತು. ಆ ಅಧಿಕಾರಿಯೇ ಕುಡಿದಿರಬಹುದು, ಚೆಲ್ಲಿರಬಹುದು. ಅವಳು ನೆಲ ಮುಟ್ಟಿ ನೋಡಿದಳು. ಮಾಡಿನ ತೂತಿನಿಂದ ಬಿಸಿಲು ಬೀಳುತ್ತಿದ್ದುದರಿಂದ ನೆಲ ಒಣಗಿದ್ದುದು ಏನನ್ನೂ ಸಾಬೀತುಪಡಿಸಲಿಲ್ಲ. ತಟ್ಟೆಯನ್ನು ತೆಗೆದುಕೊಂಡು ಹೋಗಿ ಪಕ್ಕದ ಮನೆಯ ಎಮ್ಮೆಯ ಮುಂದೆ ಸುರಿದಳು.

"ಆ ಮುದ್ದೆ ಏನ್ಮಾಡ್ದೆ?" ಎಂದು ಸೋಮಮ್ಮ ಕೇಳಿದಳು.

"ಎಮ್ಮೆಗಾಕ್ದೆ."

"ನಾವು ಉಣ್ಬೇಕಾಗಿತ್ತು ಕಣವ್ವ."

"ಅದೇನು ಎಡೆಯೇನವ್ವ? ಆಪೀಸ್ನೋನಿಗೆ ಆಡಿದ ನಾಟ್ಕ."

"ಅದು ಅವರ್ಗೆಂಗೆ ಗೊತ್ತಾಯ್ತದೆ?" ಎಂದಳು ಸೋಮಮ್ಮ. ಆಮೇಲೆ ತನ್ನಷ್ಟಕ್ಕೇ ಎಂಬಂತೆ ಹೇಳಿದಳು. "ಪಕ್ಸದಲ್ಲಿ ಬಂದೋರು ಅಮಾಸೆಗೆ ಓಯ್ತಾರೆ. ಮಾಘದಲ್ಲಿ ಕರ್ದುಬುಟ್ಟೆ. ಯಾವತ್ತು ಓಗ್ಬೇಕು ಅಂತ ಅವ್ರಿಗೆ ಯಾರೇಳ್ತಾರೆ?"

ಆ ವಾರದಿಂದ ಮನೆಯಲ್ಲಿ ದನಿಗಳು ತಗ್ಗಿದವು. ರಂಜಿತ ಹೆದರಿ ಕಾದ ಹಾಗೆ ಬಾಗಿಲು ಬಡಿಯಲಿಲ್ಲ, ನೆರಳು ಓಡಾಡಲಿಲ್ಲ. ಬದಲಿಗೆ ಸೋಮಮ್ಮ ಹಿತ್ತಲಿಗೆ ಹೋಗುವಾಗಲೆಲ್ಲ ಆ ಬಾಗಿಲ ಮುಂದೆ ಸೆರಗು ಎಳೆದುಕೊಳ್ಳತೊಡಗಿದಳು. ನಾಲ್ಕು ವರ್ಷದಿಂದ ಹಗಲು ಹೊತ್ತು ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದವಳು, ಈಗ ಅಡುಗೆಮನೆಯ ಹೊಸ್ತಿಲ ಹತ್ತಿರ ಮುದುರಿ ಕೂರುತ್ತಿದ್ದಳು. ಮೊದಲ ಮುದ್ದೆ ಆ ಕೋಣೆಗೆ ಹೋಗುತ್ತಿತ್ತು. ಲೋಕೇಶ ಮೊದಲಿಗೆ ನಕ್ಕ. "ಎಡೇನ ಕೂತ್ಕೊಂಡು ಉಂಡ್ಬುಟ್ರೆ ಓಯ್ತಾರೆ ಅಲ್ವೇನವ್ವ? ಉಣ್ಣನ ಬಾ," ಎಂದು ಒಂದು ಅಮಾವಾಸ್ಯೆ ಉಂಡೂ ನೋಡಿದರು. ಮಾರನೆಯ ದಿನ ಸೋಮಮ್ಮ ಬಾಗಿಲ ಹತ್ತಿರ ನಿಂತು ಆಲಿಸಿ ಬಂದು, "ಇನ್ನೂ ಅವ್ರೆ," ಎಂದಳು. ಆಮೇಲೆ ಲೋಕೇಶ ಹಿತ್ತಲಿನಲ್ಲಿ ಬೀಡಿ ಸೇದುವುದನ್ನು ಬಿಟ್ಟು ಕೋಟೆ ಗೋಡೆಯ ಆಚೆಗೆ ಹೋಗತೊಡಗಿದ.

ರಂಜಿತಳಿಗೆ ಕಿವಿಯ ಶಿಳ್ಳೆ ಮಧ್ಯಾಹ್ನದ ಹೊತ್ತು ಆ ಕೋಣೆಯ ಹತ್ತಿರ ಬಂದರೆ ನಿಂತುಹೋಗುತ್ತಿತ್ತು. ನರಕ್ಕೆ ಪೆಟ್ಟಾದಾಗ ಹುಟ್ಟುವ ಶಬ್ದ ಜಾಗ ನೋಡಿ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಕೆಂದೇ ಹಿಂದಕ್ಕೂ ಮುಂದಕ್ಕೂ ನಡೆದು ನೋಡಿದಳು. ಪ್ರತಿ ಸಲವೂ ನಿಲ್ಲುತ್ತಿತ್ತು. ಆ ಮೌನ ಯಾರೋ ಉಸಿರು ಬಿಗಿಹಿಡಿದು ಅವಳು ದಾಟಿಹೋಗಲೆಂದು ಕಾಯುತ್ತಿರುವಂತಿತ್ತು.

ಬೇಸಿಗೆ ಶುರುವಾಗುವಾಗ ಅನುಮತಿ ಬಂತು. ಇದ್ದ ಗೋಡೆ, ಇದ್ದ ಎತ್ತರ, ನಾಡಹೆಂಚಿನದೇ ಮಾಡು, ಅರ್ಜಿದಾರರ ವಾಸಕ್ಕೆ ಮಾತ್ರ. ಪಾಷಾ ಹೊಸ ತೊಲೆ ಏರಿಸಿದ. ಕೆಲಸದವರು ಮಂಚ ಹೊರಗಿಡಲು ಹೋದಾಗ ಸೋಮಮ್ಮ ತಡೆದಳು. ಅದರ ಮೇಲೆ ಗೋಣಿತಾಟು ಹೊದಿಸಿ, ಮಂಚ ಇದ್ದಲ್ಲೇ ಇರುವಂತೆ ಸುತ್ತ ಕೆಲಸ ಮುಗಿಸಿದರು. ಗೋಡೆಗೆ ಸುಣ್ಣವೂ ಆಯಿತು.

"ಆಯ್ತಲ್ಲ, ಇನ್ನು ನಿನ್ ಚಾಪೆ ತಗಂಡೋಗಕ್ಕ," ಎಂದ ಲೋಕೇಶ.

ಸೋಮಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಮಗಳ ಮುಖ ನೋಡಲಿಲ್ಲ. "ಮಾವ ಒಪ್ಪಕ್ಕಿಲ್ಲ ಕಣವ್ವ," ಎಂದಳು.

"ಅವ್ವಾ."

"ಬೈರಮ್ಮತ್ತೇದು ನಿಂಗೆ ನೆಪ್ಪಿಲ್ವಾ?"

ನೆನಪಿತ್ತು. ಬೈರಮ್ಮ ಮುದ್ದಯ್ಯನ ಸ್ವಂತ ಮಗಳು. ಪಾಲಹಳ್ಳಿಯ ಗಂಡನನ್ನು ಬಿಟ್ಟು ಮಟಮಟ ಮಧ್ಯಾಹ್ನ ನಡೆದು ಬಂದಿದ್ದಳು. ಕೊಟ್ಟ ಹೆಣ್ಣಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದು ಮುದ್ದಯ್ಯ ಅವಳನ್ನು ಜಗಲಿ ಹತ್ತಿಸಲಿಲ್ಲ, ಒಂದು ಲೋಟ ನೀರನ್ನೂ ಕೊಡಗೊಡಲಿಲ್ಲ. ಅವಳು ಬಂದ ದಾರಿಯಲ್ಲೇ ಹಿಂದಿರುಗಿದ್ದನ್ನು, ಕಿಟಕಿಯ ಸರಳು ಹಿಡಿದು ರಂಜಿತ ನೋಡಿದ್ದಳು. ಮತ್ತೆ ಬೈರಮ್ಮ ಯಾವತ್ತೂ ಬರಲಿಲ್ಲ. ಸತ್ತ ಸುದ್ದಿ ಮಾತ್ರ ಬಂತು.

"ನೀನು ಕೇಳಿದ್ದು ನಿನಗೋಸ್ಕರ," ಎಂದಳು ಸೋಮಮ್ಮ. "ಅವ್ರು ಕೊಟ್ಟಿದ್ದು ಮಾವನಿಗೆ. ನಾಗಮಂಗಲದೋರು ಈಗ ಬದಲಾಗವ್ರಂತೆ ಕಣವ್ವ. ಒಂದ್ಸಲ ಓಗಿ ನೋಡು." ಹೇಳುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ಸೆರಗನ್ನು ನೋಡಿ ರಂಜಿತಳಿಗೆ ಕೋಪ ಬರಲಿಲ್ಲ. ಬದುಕಿದ್ದಾಗ ಅವನಿಗೆ ಎದುರಾಡದವಳು ಸತ್ತ ಮೇಲೆ ಹೇಗೆ ಆಡಿಯಾಳು?

ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ ರಂಜಿತ ದಿಂಬು ಹಿಡಿದು ಕೋಣೆಗೆ ಹೋದಳು. ಬಾಗಿಲು ದಾಟುತ್ತಲೇ ಕಿವಿಯ ಶಿಳ್ಳೆ ನಿಂತಿತು. ಸುಣ್ಣದ ವಾಸನೆಯ ಅಡಿಯಲ್ಲಿ ಮುದುಕನ ಮೈಯ ವಾಸನೆ, ಹೊಗೆಸೊಪ್ಪು ಮತ್ತು ಎಣ್ಣೆ. ಕಂಬಳಿ ಮಂಚದ ಮೇಲೆ ಹಾಗೆಯೇ ಉಬ್ಬಿತ್ತು. ಒಳಗೆ ಸೀರೆಯ ಸುರುಳಿ ಇಟ್ಟವಳು ತಾನೇ. ಮಾಡಿನ ಕೆಲಸದ ದಿನಗಳಲ್ಲಿ ಆ ಸೀರೆಗಳನ್ನು ತಾನೇ ತೆಗೆದು ಒಗೆದು ಟ್ರಂಕಿಗೆ ಹಾಕಿದ್ದು ಅಲ್ಲಿ ನಿಂತ ಮೇಲೆ ನೆನಪಿಗೆ ಬಂತು.

ಅವಳು ಹೊರಗೆ ಓಡಲಿಲ್ಲ. ಓಡಿದರೆ ನಾಗಮಂಗಲದ ಬಸ್ಸಿನ ತನಕ ಓಡಬೇಕಾಗುತ್ತಿತ್ತು. ನೆಲದ ಮೇಲೆ ಕೂತಳು.

"ತಾತ," ಎಂದಳು. "ಕೊಟ್ಟ ಹೆಣ್ಣು ವಾಪಸ್ ಬರಬಾರದು ಅಂತ ನಿನ್ನ ಕಾನೂನು. ಅದು ತಪ್ಪು ಅಂತ ಜಗಳಾಡಕ್ಕೆ ಬಂದಿಲ್ಲ. ಅಂಗೇ ಇರ್ಲಿ. ನಂಗೊಬ್ಳಿಗೆ ಬುಡು."

ಹೇಳಿದ ಮೇಲೆ ಬೈರಮ್ಮ ನೆನಪಾಗಿ ನಾಚಿಕೆಯಾಯಿತು. ಆದರೂ ಮುಂದುವರಿಸಿದಳು.

"ಒಂದು ಕಿವಿ ಓಗೈತೆ ತಾತ. ಇನ್ನೊಂದು ಐತೆ. ನಾಗಮಂಗಲದೋನು ಅದನ್ನೂ ಬುಡಲ್ಲ. ನಿನ್ನ ಮನೇಲಿ ಬ್ಯಾರೆ ಗೋಡೆ ಎಬ್ಬಿಸಲ್ಲ, ನಿನ್ನ ಮಂಚ ತೆಗೆಸಲ್ಲ. ಇದ್ದ ಜಾಗದಲ್ಲೇ ಒಂದು ಮೈಯಷ್ಟು ಕೇಳ್ತಿದ್ದೀನಿ."

ಹೊಸ ತೊಲೆ ಬಿಸಿಲಿಗೆ ಕಿರ್ರೆಂದಿತು. ಹಸಿ ಮರ ಒಣಗುವಾಗ ಹಾಗೆಯೇ. ರಂಜಿತ ಎದ್ದು, ದಿಂಬನ್ನು ಮಂಚದ ಅಂಚಿಗೆ ಇಟ್ಟು, ಕಣ್ಣು ಮುಚ್ಚಿ, ತನ್ನ ಕೇಳದ ಕಿವಿಯನ್ನು ಮೇಲೆ ಮಾಡಿಕೊಂಡು ಮಲಗಿದಳು.

ಹೊತ್ತು ಇಳಿದ ಮೇಲೆ ಸೋಮಮ್ಮ ನಡುಮನೆಯಲ್ಲಿ ಮಗಳನ್ನು ಕಾಣದೆ ಹುಡುಕುತ್ತ ಬಂದು ಬಾಗಿಲು ತಳ್ಳಿದಳು. ಹೊಸ್ತಿಲು ದಾಟದೆ ನಿಂತಳು. ರಂಜಿತ ಮಂಚದ ಅರ್ಧದಲ್ಲಿ ಕಾಲು ಚಾಚಿ ಮಲಗಿದ್ದಳು. ಇನ್ನರ್ಧ ಖಾಲಿ ಬಿಟ್ಟಿದ್ದಳು. ಸೋಮಮ್ಮ ಹೊಸ್ತಿಲಾಚೆಯಿಂದಲೇ ಕೇಳಿದಳು.

"ಏನಂದ್ರು?"

"ಏನೂ ಅನ್ನಲಿಲ್ಲ ಕಣವ್ವ," ಎಂದಳು ರಂಜಿತ, ಕಣ್ಣು ತೆರೆಯದೆ. "ಒಸಿ ಗೋಡೆ ಕಡೆಗೆ ಜರುಗಿದ್ರು."

ಸೋಮಮ್ಮ ಆ ಖಾಲಿ ಅರ್ಧವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಆ ಕೋಣೆಗೆಂದು ಎರಡು ತಟ್ಟೆ ತೊಳೆದಳು.