ತೊಲೆ ಹೊತ್ತ ಬಾಗಿಲು

ಹೆಂಡತಿಯ ಕೋಣೆಯ ಬಾಗಿಲು ಮತ್ತೆ ಬಿಗಿದುಕೊಂಡಿತ್ತು. ಒಳಗೆ ಮಲಗಿದ್ದ ಅತ್ತೆಯ ಮೇಲೆ ಬಿಸಿಲು ಬೀಳದಿರಲೆಂದು ಅದನ್ನು ಎಳೆದು ಹಾಕಿ ಸೊಸೆ ಕೆಲಸಕ್ಕೆ ಹೋಗಿದ್ದಳು. ಮೇಸ್ತ್ರಿ ಹೆಗಲು ಕೊಟ್ಟು ನೂಕಿದ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿದೆ ಎಂದು ಸೊಸೆಯ ಬಾಯಿ ಮುಚ್ಚಿಸಿದ್ದ. ನಿನ್ನೆ ಅವಳು, “ಮಾವ, ಈ ಬಾಗ್ಲಿಗೆ ಬೇಸಿಗೇಲೂ ಮಳೆಗಾಲನಾ?” ಎಂದು ನಕ್ಕಿದ್ದಳು.

ಊರಿಗೆಲ್ಲ ಮನೆ ಕಟ್ಟಿದವನು ತನ್ನ ಮನೆಯಲ್ಲೇ ಎಡವಿದ್ದ. ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ಹೆಂಡತಿಗೆಂದೇ ಈ ಕೋಣೆ ಎಬ್ಬಿಸಿದ್ದು. ತನ್ನವಳಿಗೆ ಜಿಪುಣತನ ಮಾಡುವುದೇ ಎಂದು ಸಿಮೆಂಟನ್ನು ಕೈಬಿಚ್ಚಿ ಸುರಿದ, ಅದಕ್ಕೆ ತಕ್ಕಂತೆ ನೀರನ್ನೂ ಸುರಿದ. ಅವಳು ಬೇಗ ಮನೆಗೆ ಬರಲೆಂದು ಬಾಗಿಲ ಮೇಲಿನ ಸಿಮೆಂಟ್ ತೊಲೆಯಡಿಯ ಆಸರೆ ಕಂಬಗಳನ್ನು ಹಸಿ ಆರುವ ಮೊದಲೇ ಕಿತ್ತ. ಬೇರೆಯವರ ಮನೆಯಾಗಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ. ಪಾಪ, ಪ್ರೀತಿಗೆ ಪುರುಸೊತ್ತಿರಲಿಲ್ಲ. ಸಿಮೆಂಟಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಗಟ್ಟಿಯಾದಂತೆ ಕಂಡರೂ, ಹೆಚ್ಚು ನೀರು ಕುಡಿದದ್ದು ಒಳಗೊಳಗೇ ಒಣಗಿ ಕುಗ್ಗುತ್ತದೆ. ಎಳೆಯದರಲ್ಲೇ ಭಾರ ಹೊತ್ತರಂತೂ ವರ್ಷಗಟ್ಟಲೆ ಬಾಗುತ್ತಲೇ ಹೋಗುತ್ತದೆ. ತೊಲೆ ಇಳಿದಂತೆಲ್ಲ ಅವನು ಬಾಗಿಲಿನ ತಲೆ ಹೆರೆಯುತ್ತ ಬಂದ, ಬಿರುಕಿಗೆ ಸುಣ್ಣ ಬಳಿಯುತ್ತ ಬಂದ. ಯಾರೆದುರೂ ಬಾಯಿ ಬಿಡಲಿಲ್ಲ.

ಒಳಗೆ ಗಾರೆಯ ಚಕ್ಕೆ ದಪ್ಪೆಂದು ಬಿತ್ತು. ಬಾಗಿಲು ಒಡೆಯಲು ಹಾರೆ ಎತ್ತಿದವನು ಮೇಲೆ ನೋಡಿ ಹಾಗೇ ನಿಂತ. ತೊಲೆ ಚೌಕಟ್ಟನ್ನು ಅದುಮಿತ್ತು, ಚೌಕಟ್ಟು ಬಾಗಿಲನ್ನು ಅದುಮಿತ್ತು. ಇಷ್ಟು ದಿನ ಹೆರೆದ ಆ ಬಾಗಿಲೇ ಈಗ ತೊಲೆಗೆ ಆಸರೆ. ಅದನ್ನು ಒಡೆದರೆ ತಾರಸಿ ಅವಳ ಮೇಲೆ ಬೀಳುತ್ತದೆ.

ಹಾರೆ ಬಿಸಾಡಿ, ಕಬ್ಬಿಣ ಕುಯ್ಯುವ ಗರಗಸ ಹಿಡಿದು ಹಿತ್ತಲ ಕಿಟಕಿಗೆ ಓಡಿದ. ಕಳ್ಳರ ಭಯಕ್ಕೆ ಅವನೇ ಹುಗಿದ ಕಬ್ಬಿಣದ ಸರಳುಗಳು ಜಗ್ಗಲಿಲ್ಲ. ಕುಯ್ಯತೊಡಗಿದ.

“ಹೆದ್ರಬೇಡ, ಈಗ ಬಂದೆ,” ಎಂದ.

“ನಂಗೇನು ಹೆದರಿಕೆ,” ಎಂದಳು ಅವಳು ಹಾಸಿಗೆಯಿಂದಲೇ. “ಇಡೀ ದಿನ ಮೇಲೆ ನೋಡ್ಕೊಂಡು ಬಿದ್ದಿರೋಳು. ಫ್ಯಾನು ಹತ್ರ ಬರ್ತಿರೋದು ಕಾಣಲ್ವಾ?”

ಗರಗಸ ನಿಂತಿತು. “ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ನೀವು ಕದ್ದು ಕದ್ದು ಬಾಗಿಲು ಹೆರೆಯೋದು ಕೇಳಿಸ್ತಿತ್ತು. ಅದನ್ನ ಕೇಳ್ಕೊಂಡು ಹೇಗೆ ಹೇಳ್ಲಿ?”

ಅವನಿಗೆ ಅಳು ಒತ್ತರಿಸಿ ಬಂತು. ಹುಚ್ಚನಂತೆ ಗರಗಸ ಎಳೆದ. ಅಲಗು ಸರಳಿನಲ್ಲಿ ಸಿಕ್ಕಿ ಪಟ್ಟನೆ ಮುರಿಯಿತು. ಇದ್ದದ್ದು ಇನ್ನೊಂದೇ ಅಲಗು. ಒಳಗೆ ಮತ್ತೊಂದು ಚಕ್ಕೆ ಅವಳ ಹೊದಿಕೆಯ ಮೇಲೆ ಬಿತ್ತು.

“ರೀ,” ಎಂದಳು, “ಈ ಸಲನಾದ್ರೂ ಅವಸರ ಮಾಡ್ಬೇಡಿ.”