ಬಿರಿಯಾನಿ ಬಿಟ್ಟು ನಡೆಯಲು ಹೊರಟ ಕುಲ್ಸುಂ

ಕತಾರಿನ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೆ ಎಲ್ಲರಿಗೂ ಬೈಯಲು ಒಂದು ವಿಷಯ ಸಿಗುತ್ತದೆ. ಅವತ್ತು ಕುಲ್ಸುಮ್‌ಗೆ ಮಾತ್ರ ಅಳುವೇ ಬಂತು. ಮೂರನೇ ಮಹಡಿಯ ಮನೆಗೆ ಹೊರಟವಳು ಒಂದನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೈಯಲ್ಲಿ ಇದ್ದದ್ದು ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಅಷ್ಟೇ. ಕಾಲು ಗಡಗಡ ನಡುಗುತ್ತಿತ್ತು. ಹಾಗೆಂದು ಮುದುಕಿಯಲ್ಲ ಮಾರಾಯ್ರೆ, ವಯಸ್ಸು ಇನ್ನೂ ಐವತ್ತು ದಾಟಿಲ್ಲ!

ಎದುರು ಮನೆಯ ಎಡ್ನಾ ಡ್ಯೂಟಿ ಮುಗಿಸಿ ಬರುತ್ತಿದ್ದಳು. ಉಡುಪಿ ಕಡೆಯವಳು, ಕ್ಲಿನಿಕ್ ಒಂದರಲ್ಲಿ ನರ್ಸ್, ಕುಲ್ಸುಮ್‌ಗಿಂತ ನಾಲ್ಕೈದು ವರ್ಷ ದೊಡ್ಡವಳು; ಹಾಗಾಗಿ ಇವಳು ಗೌರವದಿಂದ 'ಬಾಯಿ' ಎಂದೇ ಕರೆಯುವುದು. ಮೆಟ್ಟಿಲ ಮೇಲೆ ಗೆಳತಿಯನ್ನು ಕಂಡು ಅವಳಿಗೆ ಗಾಬರಿಯಾಯಿತು.

"ಎಂತಾಯ್ತು ಕುಲ್ಸುಂ? ತಲೆ ತಿರುಗ್ತದಾ?"

"ತಲೆ ಎಲ್ಲ ಸರಿ ಉಂಟು ಎಡ್ನಾ ಬಾಯಿ. ಈ ಕಾಲೇ ಹೇಳಿದ ಮಾತು ಕೇಳುದಿಲ್ಲ." ಕುಲ್ಸುಂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಚಳಿಗಾಲ ಮುಗಿಯುವಾಗ ನಾವು ಉಮ್ರಾ ಯಾತ್ರೆಗೆ ಹೋಗ್ಲಿಕ್ಕುಂಟು. ಉಮ್ಮನಿಗೆ ನಡೀಲಿಕ್ಕೆ ಆಗ್ಲಿಕ್ಕಿಲ್ಲ, ವೀಲ್‌ಚೇರ್ ಮಾಡುವ ಅಂತ ಮಗ ಫಾಯಿಝ್ ಹೇಳ್ತಾನೆ. ಅವನ ಅಪ್ಪನೂ ಹೂಂ ಅಂದಾಯ್ತು."

"ಮಗ ನಿನ್ನ ಒಳ್ಳೆಯದಕ್ಕೇ ಹೇಳಿದ್ದಲ್ವಾ?"

"ಬೇಕಾದವರು ಕೂರ್ಲಿ, ಅದ್ರಲ್ಲಿ ತಪ್ಪೆಂತ? ಆದ್ರೆ ನನಗೆ ಸಣ್ಣದಿಂದ ಒಂದೇ ಆಸೆ. ಕಾಬಾದ ಸುತ್ತ ನನ್ನ ಕಾಲಲ್ಲಿ ನಡೀಬೇಕು. ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲವೂ ನನ್ನ ಕಾಲಲ್ಲೇ ನಡೀಬೇಕು. ಅದಕ್ಕೂ ನನಗೆ ಯೋಗ ಇಲ್ವಾ ಬಾಯಿ?"

ಎಡ್ನಾ ಅವಳ ಕೈಹಿಡಿದು ಎಬ್ಬಿಸಿದಳು. ಮರುದಿನವೇ ಅವಳನ್ನು ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಮೊಣಕಾಲು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಮೂಳೆಗೆ ದೊಡ್ಡ ತೊಂದರೆಯಿಲ್ಲ, ಕೂತು ಕೂತು ಕಾಲಿನ ಬಲ ಹೋಗಿದೆ, ವಿಟಮಿನ್ ಡಿ ತೀರಾ ಕಡಿಮೆ, ಸಕ್ಕರೆಯೂ ಗಡಿಯಲ್ಲಿ ನಿಂತಿದೆ ಎಂದರು. ಮಾತ್ರೆ ಬರೆದುಕೊಟ್ಟರು. ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ಎಳೆ ಬಿಸಿಲಿಗೆ ಮೈಯೊಡ್ಡಿ ಎಂದೂ ಹೇಳಿದರು.

ಹೊರಗೆ ಬಂದ ಕುಲ್ಸುಮ್‌ಗೆ ನಗು ತಡೆಯಲಾಗಲಿಲ್ಲ. "ಈ ಕತಾರಲ್ಲಿ ಬಿಸಿಲು ಕಡಿಮೆಯಾ? ಎಂತ ಡಾಕ್ಟರ್ ಅವರು!"

"ಬಿಸಿಲು ಹೊರಗುಂಟು, ನೀನು ಒಳಗಿದ್ದಿ," ಎಂದಳು ಎಡ್ನಾ. "ಮನೆಯಿಂದ ಕಾರಿಗೆ, ಕಾರಿಂದ ಮಾಲ್‌ಗೆ. ಬಿಸಿಲಿಗೆ ನಿನ್ನ ಗುರುತಾದ್ರೂ ಉಂಟಾ? ಈ ಶುಕ್ರವಾರ ನಮ್ಮೊಟ್ಟಿಗೆ ಬಾ. ಅಲ್ ಖೋರ್ ಪೇಟೆಯ ಆಚೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಪಾರ್ಕ್ ಉಂಟು. ನಡಿಲಿಕ್ಕೆ ಮರದ ಹಲಗೆಯ ದಾರಿ ಮಾಡಿದ್ದಾರೆ. ನಮ್ಮ ವ್ಯಾಲೆಂಟೈನ್ ಅಲ್ಲೇ ಹತ್ತಿರ ಗಾಳ ಹಾಕುದು, ನಾನು ಹಕ್ಕಿ ನೋಡುದು."

ಎಡ್ನಾಳ ಗಂಡ ವ್ಯಾಲೆಂಟೈನ್ ಗಾಳ ಹಾಕುತ್ತಾನೆ ಎಂದ ಕೂಡಲೇ ಕುಲ್ಸುಮ್‌ಳ ಗಂಡ ಯೂಸುಫ್ ತಯಾರಾದ. ಕುಲ್ಸುಂ ಕೂಡ ತಯಾರಾದಳು, ಆದರೆ ಅವಳ ತಯಾರಿಯೇ ಬೇರೆ. ನಮ್ಮ ಕರಾವಳಿಯವರ ಪಾರ್ಕ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲವೇ? ನಸುಕಿನ ಸುಬಹಿ ನಮಾಜಿಗೆ ಮುಂಚೆಯೇ ಎದ್ದು ಬಿರಿಯಾನಿ ಮಾಡಿದಳು, ಕಬಾಬ್ ಕರಿದಳು, ಎರಡು ಫ್ಲಾಸ್ಕ್ ಚಹಾ ತುಂಬಿಸಿದಳು. ಚಾಪೆ, ತಟ್ಟೆ, ಕೈ ತೊಳೆಯುವ ನೀರು ಎಲ್ಲ ಸೇರಿ ಕಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಪಾರ್ಕಿಗೆ ತಲುಪುವಷ್ಟರಲ್ಲಿ ಅವಳ ಅರ್ಧ ಜೀವ ಹೋಗಿತ್ತು. ಕಾರಿನ ಪಕ್ಕದಲ್ಲೇ ಚಾಪೆ ಹಾಸಿದಳು. ಬಡಿಸಿದಳು, ತಟ್ಟೆ ಒರೆಸಿದಳು, ಮತ್ತೆ ಚಹಾ ಕೊಟ್ಟಳು. ಗಂಡಸರು ತೇಗುತ್ತಾ ಗಾಳ ಹಿಡಿದು ಹೊರಟರು. ಎಡ್ನಾ ಎಷ್ಟು ಕರೆದರೂ "ಪಾತ್ರೆ ಯಾರು ನೋಡ್ತಾರೆ?" ಎಂದು ಕುಲ್ಸುಂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡ್ನಾ ಬೈನಾಕ್ಯುಲರ್ ನೇತುಹಾಕಿಕೊಂಡು ವಾಪಸು ಬಂದಾಗ, ಈ ಪುಣ್ಯಾತ್ಗಿತ್ತಿ ಉಳಿದ ಬಿರಿಯಾನಿಯನ್ನು ದಡಕ್ಕೆ ಚೆಲ್ಲುತ್ತಿದ್ದಳು.

"ಅಯ್ಯೋ, ಎಂತ ಮಾಡ್ತಿ ನೀನು?"

"ಹಕ್ಕಿಗಳಿಗೆ ಬಾಯಿ. ಪುಣ್ಯ ಬರ್ತದಲ್ಲ."

"ತುಪ್ಪ ಮಸಾಲೆ ತಿಂದ್ರೆ ಅವಕ್ಕೆ ಹೊಟ್ಟೆ ಕೆಡ್ತದೆ ಮಾರಾಯ್ತಿ! ಅವಕ್ಕೆ ಕೆಸರಲ್ಲೇ ಏಡಿ, ಸಿಗಡಿ ಬೇಕಾದಷ್ಟುಂಟು. ತೆಗಿ ಅದನ್ನು." ಇಬ್ಬರೂ ಬಗ್ಗಿ ಅನ್ನವನ್ನೆಲ್ಲ ಚೀಲಕ್ಕೆ ತುಂಬಿದರು. ಎಡ್ನಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ನೀನು ಪಾರ್ಕಿಗೆ ಬಂದದ್ದಾ, ಅಡುಗೆಮನೆಯನ್ನೇ ಇಲ್ಲಿಗೆ ತಂದದ್ದಾ?"

ವಾಪಸು ಹೋಗುವಾಗ ಯೂಸುಫ್ ಹೆಂಡತಿಯ ಪರವಾಗಿ ವಾದಕ್ಕಿಳಿದ. "ಅವಳು ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ದಿನವಿಡೀ ನಡೀತಾಳಲ್ಲ, ಅದು ನಡಿಗೆ ಅಲ್ವಾ? ಹಕ್ಕಿ ನೋಡಿದ್ರೆ ಕಾಲು ಗಟ್ಟಿ ಆಗ್ತದಾ?"

"ಹಾಗಾದ್ರೆ ಅವಳ ಕಾಲು ಯಾಕೆ ಹೀಗಾಯ್ತು ಯೂಸುಫ್?" ಎಂದಳು ಎಡ್ನಾ.

"ಖಲಾಸ್, ಜಗಳ ಸಾಕು," ಎಂದ ವ್ಯಾಲೆಂಟೈನ್. "ಬ್ಯಾರಿಗಳೇ, ಬರುವ ವಾರ ಊಟ ನನ್ನದು. ಖುಬ್ಬೂಸ್ ರೊಟ್ಟಿ, ಬೇಯಿಸಿದ ಮೊಟ್ಟೆ, ಖರ್ಜೂರ. ಕುಲ್ಸುಂ ಬರೀ ಕೈಯಲ್ಲಿ ಬರ್ಬೇಕು." ಊರಿನ ವಾಡಿಕೆಯಂತೆ ಅವನಿಗೆ ಯೂಸುಫ್ 'ಬ್ಯಾರಿಗಳು', ಯೂಸುಫ್‌ಗೆ ಅವನು 'ಪೊರ್ಬುಗಳು'.

ಬರೀ ಕೈಯಲ್ಲಿ ಮನೆಯಿಂದ ಹೊರಡುವುದು ಕುಲ್ಸುಮ್‌ಗೆ ಸುಲಭವಾಗಲಿಲ್ಲ. ಬಾಗಿಲು ಹಾಕಿದ ಮೇಲೂ ಏನೋ ಮರೆತಂತೆ ಚಡಪಡಿಸಿದಳು. ಆದರೆ ಹಲಗೆಯ ದಾರಿಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಎರಡೂ ಕಡೆ ಹಸಿರು, ಕೆಳಗೆ ಉಪ್ಪುನೀರು, ಕೆಸರಿನಿಂದ ಮೇಲೆದ್ದ ಬೇರು.

"ಇದು ನಮ್ಮ ಗುರುಪುರ ಹೊಳೆಬದಿಯ ಕಾಂಡ್ಲಾದ ಹಾಗೇ ಉಂಟಲ್ಲ! ಈ ಮರುಭೂಮಿಯಲ್ಲಿ ಇದೆಲ್ಲಿಂದ ಬಂತು?"

ಮೊದಲ ಬೆಂಚಿಗೆ ಹೋಗುವಾಗಲೇ ಕಾಲು ನಡುಗಿತು. ಎಡ್ನಾ ಕೂರಿಸಿ ನೀರು ಕೊಟ್ಟಳು. "ಹಠ ಬೇಡ. ಬೆಂಚಿನಿಂದ ಬೆಂಚಿಗೆ ಹೋಗುವ. ನೋವು ಜೋರಾದ್ರೆ ನಿಲ್ಲುವ." ದೂರದ ನೀರಿನಲ್ಲಿ ಗುಲಾಬಿ ಬಣ್ಣದ ಗುಂಪೊಂದು ಕಾಣುತ್ತಿತ್ತು. ಫ್ಲೆಮಿಂಗೊಗಳು, ಚಳಿಗಾಲದ ಅತಿಥಿಗಳು. ಕುಲ್ಸುಂ ಬೈನಾಕ್ಯುಲರ್ ಹಿಡಿದು ನೋಡಿಯೇ ನೋಡಿದಳು.

"ಅಲ್ಲಾ! ಕಡ್ಡಿಯ ಹಾಗಿನ ಕಾಲು! ಆ ಕಾಲಲ್ಲಿ ಅದು ಎಷ್ಟು ಚಂದ ನಡೀತದೆ ಬಾಯಿ!"

"ಮುಂದಿನ ಬೆಂಚಿನಿಂದ ಇನ್ನೂ ಚಂದ ಕಾಣ್ತದೆ," ಎಂದಳು ಎಡ್ನಾ. ಪ್ರತೀ ಬೆಂಚಿನಲ್ಲೂ ಅವಳು ಅದನ್ನೇ ಹೇಳಿದಳು, ಕಳ್ಳಿ.

ಹಾಗೆ ಶುರುವಾಯಿತು. ವಾರದ ನಡುವೆ ಸಂಜೆ ಹೊತ್ತು ಇಬ್ಬರೂ ಕಟ್ಟಡದ ಸುತ್ತ ನಡೆದರು. ಶುಕ್ರವಾರ ಬೆಳಿಗ್ಗೆ ಪಾರ್ಕ್. ಕಾಲು ನೋಯುತ್ತಿದ್ದ ದಿನ "ನನಗೆ ಬೇಡ ಈ ರಗಳೆ" ಎಂದು ಕುಲ್ಸುಂ ಮುಸುಕೆಳೆದು ಮಲಗಿದ್ದೂ ಉಂಟು. ಆದರೆ ಸಫಾ ಮರ್ವಾ ನೆನಪಾಗಿ ತಾನೇ ಎದ್ದಳು. ಯೂಸುಫ್ ಮಾತ್ರ ನಂಬಲಿಲ್ಲ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಗಾಳ ನೀರಿಗೆ ಬಿಟ್ಟು, "ವೀಲ್‌ಚೇರ್ ಅಂತೂ ಬೇಕೇ ಬೇಕು ಪೊರ್ಬುಗಳೇ," ಎಂದು ವ್ಯಾಲೆಂಟೈನ್‌ಗೆ ಹೇಳುತ್ತಲೇ ಇದ್ದ.

ಒಂದು ಶುಕ್ರವಾರ ಎಡ್ನಾ ಯಾವುದೋ ಮಿಂಚುಳ್ಳಿಯ ಹಿಂದೆ ಬಿದ್ದು ದಾರಿಯ ಕೊನೆಯಲ್ಲೇ ಉಳಿದಳು. ಕುಲ್ಸುಂ ಒಬ್ಬಳೇ ವಾಪಸು ಹೊರಟಳು. ಮೊದಲ ಬೆಂಚು ಬಂತು, ಕೂರಲಿಲ್ಲ. ಮತ್ತೊಂದು ಬಂತು, ಕೂರಬೇಕೆಂದು ಅನಿಸಲೇ ಇಲ್ಲ. ನೀರಿನ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ದಡದಲ್ಲಿ ಗಂಡ ಕಣ್ಣು ಕಿರಿದು ಮಾಡಿ ತನ್ನನ್ನೇ ನೋಡುತ್ತಿರುವುದು ಕಂಡಿತು. ಅವಳು ಹತ್ತಿರ ಬಂದಂತೆ ಅವನು ಸ್ಟೂಲ್ ಬಿಟ್ಟು ಎದ್ದು ನಿಂತ. ಗಾಳಕ್ಕೆ ಸಿಕ್ಕಿದ ಮೀನು ತಪ್ಪಿಸಿಕೊಂಡದ್ದೂ ಅವನಿಗೆ ಗೊತ್ತಾಗಲಿಲ್ಲ.

"ನೀನಾ! ಯಾರೋ ಬೇರೆ ಹೆಂಗಸು ಅಂತ ನೋಡ್ತಾ ಇದ್ದೆ. ಅಷ್ಟು ದೂರದಿಂದ ಒಬ್ಬಳೇ ನಡ್ಕೊಂಡು ಬಂದದ್ದಾ?" ಎಂದವನ ಸ್ವರ ಸಣ್ಣಗಾಯಿತು. "ಇಷ್ಟು ವರ್ಷ ನಿನ್ನನ್ನು ಅಡುಗೆಮನೆಯ ಬಾಗಿಲಲ್ಲೇ ನೋಡಿದ್ದು ಕುಲ್ಸುಂ."

ಕುಲ್ಸುಮ್‌ಳ ಕಣ್ಣು ತುಂಬಿತು, ಸಂತೋಷಕ್ಕೆ. ಯೂಸುಫ್ ಅಲ್ಲೇ ನಿಂತು ಲುಸೈಲ್‌ನ ಮನೆಯಲ್ಲಿದ್ದ ಮಗನಿಗೆ ಫೋನ್ ಮಾಡಿದ. "ಫಾಯಿಝ್, ಉಮ್ಮನಿಗೆ ವೀಲ್‌ಚೇರ್ ಮಾಫಿ, ಬೇಡವೇ ಬೇಡ. ಅವಳು ನಡೀತಾಳೆ."

ನಡೆದಳು. ಕಾಬಾದ ಸುತ್ತ ನಿಧಾನವಾಗಿ, ಬಾಯ್ತುಂಬ ದುವಾ ಮಾಡುತ್ತಾ ನಡೆದಳು. ಸಫಾ ಮರ್ವಾದ ನಡುವೆಯೂ ಸುಸ್ತಾದಾಗ ನಿಂತು, ಝಂಝಂ ನೀರು ಕುಡಿದು, ಮತ್ತೆ ನಡೆದಳು. ಕೊನೆಯ ಸುತ್ತಿನಲ್ಲಿ ಕಾಲೆಳೆದು ಏದುಸಿರು ಬಿಟ್ಟು ಕಂಬಕ್ಕೆ ಒರಗಿದವನು ಯೂಸುಫ್! ತಿಂಗಳುಗಟ್ಟಲೆ ಸ್ಟೂಲಿನ ಮೇಲೆ ಕೂತವನಲ್ಲವೇ? ಕುಲ್ಸುಂ ಹಿಂದಿರುಗಿ ಬಂದು ಭುಜ ಕೊಟ್ಟಳು.

"ಹಿಡ್ಕೊಳ್ಳಿ. ಇನ್ನು ಸ್ವಲ್ಪ ಉಂಟು, ಅಷ್ಟೇ. ಶುಕ್ರವಾರದಿಂದ ಗಾಳ ಆಮೇಲೆ, ಮೊದಲು ನನ್ನೊಟ್ಟಿಗೆ ನಡಿಗೆ."

"ಆಯ್ತು ಮಾರಾಯ್ತಿ," ಎಂದ ಯೂಸುಫ್, ಅವಳ ಭುಜ ಬಿಡದೆ.

ಅಕ್ಕಂದಿರೇ, ಅಣ್ಣಂದಿರೇ, ಈ ವಾರ ನೀವೂ ಹೊರಡಿ. ನೋವಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಬೇಸಿಗೆಯಲ್ಲಿ ಸುಡುಬಿಸಿಲಿನ ಹೊತ್ತು ಬೇಡ. ಗಾಳ ಹಾಕುವವರು ಅಲ್ಲಿನ ನಿಯಮ ತಿಳಿದು ಹಾಕಿ, ತುಂಡಾದ ನೈಲಾನ್ ದಾರವನ್ನು ಹಕ್ಕಿಯ ಕಾಲಿಗೆ ಸುತ್ತಲು ಬಿಡದೆ ಮನೆಗೆ ತನ್ನಿ. ಮತ್ತೆ, ನಿಮಗಾಗಿ ದಿನಾ ಒಲೆಯ ಮುಂದೆ ನಿಲ್ಲುವವಳಿಗೆ ಒಂದು ಮಾತು ಹೇಳಿ: ಇವತ್ತು ಅಡುಗೆ ಬೇಡ, ಬಾ, ಒಟ್ಟಿಗೆ ನಡೆಯುವ.